ಕಡಲ ನೆರೆಯಲ್ಲಿ ಹತ್ತು ಸೆಂಟು

ಮಂಗಳೂರಿನಿಂದ ತೆಂಕು ದಿಕ್ಕಿಗೆ ಹೊರಟು, ನೇತ್ರಾವತಿಯ ಸೇತುವೆಯನ್ನು ದಾಟಿ, ತೊಕ್ಕೊಟ್ಟು ಕೋಟೆಕಾರುಗಳನ್ನು ಹಿಂದಿಕ್ಕಿ ಸಾಗುವ ಪ್ರಯಾಣಿಕನಿಗೆ ತಲಪಾಡಿಯಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ರಾಜ್ಯ ಮೊದಲಾಯಿತೆಂಬುದು ಅಂಗಡಿಗಳ ನಾಮಫಲಕಗಳಿಂದಲೇ ಹೆಚ್ಚಾಗಿ ತಿಳಿದುಬರುತ್ತದೆ. ಮಣ್ಣು ಅದೇ ಮುರಕಲ್ಲಿನ ಕೆಂಪು ಮಣ್ಣು. ಬೈಲಿನ ಅಂಚಿನಲ್ಲಿ ಅವೇ ತೆಂಗು ಕಂಗುಗಳು. ಬಸ್ಸಿನೊಳಗಿನ ತುಳು ಮಾತಿನ ಎಳೆಯೂ ಕಡಿಯುವುದಿಲ್ಲ. 1956ರ ನವೆಂಬರ್ 1ರ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದೇ ಮನೆಯಾಗಿದ್ದ ನೆಲವಿದು. ಮನೆ ಪಾಲಾದ ಮೇಲೂ ಬಾವಿ ಒಂದೇ ಆಗಿ ಉಳಿದಂತೆ, ಗೆರೆಯ ಎರಡೂ ಬದಿಯ ಜನರು ಇಂದಿಗೂ ಒಂದೇ ಪೇಟೆಗೆ ಹೋಗಿಬರುತ್ತಾರೆ.

ಗಡಿ ದಾಟಿದೊಡನೆ ದೊರೆಯುವ ಕುಂಜತ್ತೂರು, ಉದ್ಯಾವರ, ಹೊಸಂಗಡಿ, ಮಂಜೇಶ್ವರ, ಹೊಸಬೆಟ್ಟು ಮುಂತಾದ ಸ್ಥಳಗಳನ್ನು ಸರಕಾರದ ಕಾಗದಗಳು ಕೇರಳದ ಕಾಸರಗೋಡು ಜಿಲ್ಲೆಯ ಊರುಗಳೆಂದು ಕರೆಯುತ್ತವೆ. ನಿತ್ಯಜೀವನದ ಲೆಕ್ಕದಲ್ಲಾದರೋ ಇವು ಸುಮಾರು 20 ಕಿಲೋಮೀಟರು ದೂರದ ಮಂಗಳೂರಿನ ಹೊರವಲಯಗಳೇ. ಬೆಳಗಿನ ರೈಲಿನಲ್ಲಿ ಕಾಲೇಜಿನ ಮಕ್ಕಳು, ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ದಾದಿಯರು ಬಡಗಣಕ್ಕೆ ಹೋಗುತ್ತಾರೆ. ಸಂಜೆಯ ರೈಲು ಅವರನ್ನು ಮರಳಿ ತಂದು ಇಳಿಸುತ್ತದೆ. ಈ ರೈಲುದಾರಿ 1907ರಲ್ಲಿ ಮಂಗಳೂರನ್ನು ಮುಟ್ಟಿದಂದಿನಿಂದ ಊರಿನ ಗಡಿಯಾರವೂ ಅದೇ ಆಗಿದೆ. ಹಳಿಯ ಮೂಡಣಕ್ಕೆ 66ನೆಯ ರಾಷ್ಟ್ರೀಯ ಹೆದ್ದಾರಿ ಆರು ಪಥಗಳಾಗಿ ಅಗಲಗೊಂಡು ಹಗಲಿರುಳೂ ಮೊರೆಯುತ್ತಿದೆ. ಹಳಿಯ ಪಡುವಣಕ್ಕೆ ಇಳಿದರೆ ಆ ಸದ್ದು ತೆಂಗಿನ ತೋಟಗಳಲ್ಲಿ ಅಡಗಿ, ಕಡಲಿನ ಸದ್ದೊಂದೇ ಉಳಿಯುತ್ತದೆ.

ಈ ಶಾಂತತೆಗೆ ಮನಸೋತು ಇಲ್ಲಿ ಮನೆಯೊಂದನ್ನು ಮಾಡಿಕೊಳ್ಳಬೇಕೆಂದು ಬಯಸುವವರು ಹೆಚ್ಚುತ್ತಿದ್ದಾರೆ. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯ ನಾಡುಗಳಲ್ಲೋ ದುಡಿದು ದಣಿದ ನಮ್ಮವರು, ಮಂಗಳೂರಿನ ನೆಲದ ಬೆಲೆಯನ್ನು ಕೇಳಿ ಹಿಮ್ಮೆಟ್ಟಿದ ನಡುವಣ ವರ್ಗದವರು, ಮಕ್ಕಳು ದೂರ ಸೇರಿದ ಮೇಲೆ ಒಂಟಿಯಾದ ವೃದ್ಧ ದಂಪತಿಗಳು—ಎಲ್ಲರೂ ಇತ್ತ ನೋಡುತ್ತಿದ್ದಾರೆ. ನಾವಿಬ್ಬರೂ ಅಂಥವರೇ. ಬದುಕಿನ ದುಡಿಮೆಯ ಕಾಲವನ್ನು ಮುಂಬಯಿಯಲ್ಲಿ ಕಳೆದು ಬಂದು, ಒಂದು ಮಳೆಗಾಲವಿಡೀ ಹೊಸಬೆಟ್ಟಿನ ಬಾಡಿಗೆ ಮನೆಯಲ್ಲಿದ್ದು, ಅನಂತರವೇ ಹತ್ತು ಸೆಂಟು ನೆಲವನ್ನು ಕೊಂಡೆವು. ಆ ಅವಧಿಯಲ್ಲಿ ಕಂಡುದನ್ನೂ ಕೇಳಿ ತಿಳಿದುದನ್ನೂ ವಾಚಕರ ಮುಂದಿಡುವುದು ಉಪಯುಕ್ತವಾದೀತೆಂದು ಭಾವಿಸಿದ್ದೇವೆ.

ಊರಿನ ಸ್ವಭಾವ

ನೆಲವನ್ನು ಕೊಳ್ಳುವ ಮುನ್ನ ಊರನ್ನು ಅರಿಯುವುದು ಲೇಸು. ಮಂಜೇಶ್ವರವೆಂದೊಡನೆ ಕನ್ನಡಿಗರಿಗೆ ನೆನಪಾಗುವವರು ಎಂ. ಗೋವಿಂದ ಪೈಗಳು. 1883ರಲ್ಲಿ ಜನಿಸಿ 1963ರಲ್ಲಿ ಅಗಲಿದ, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವವನ್ನು ಪಡೆದ ಆ ಹಿರಿಯರು ತಮ್ಮ ಬಾಳಿನ ಬಹುಭಾಗವನ್ನು ಈ ಊರಿನಲ್ಲಿಯೇ, ತಮ್ಮ ಗ್ರಂಥಭಂಡಾರದ ನಡುವೆ ಕಳೆದರು. ಅವರ ಮೊದಲ ಕವನಸಂಗ್ರಹದ ಹೆಸರನ್ನೇ ಹೊತ್ತ ‘ಗಿಳಿವಿಂಡು’ ಸ್ಮಾರಕ ಅವರ ಮನೆಯ ನೆಲದಲ್ಲಿ ನಿಂತಿದೆ. 1980ರಲ್ಲಿ ಇಲ್ಲಿ ಆರಂಭವಾದ ಸರಕಾರಿ ಕಾಲೇಜಿಗೂ ಅವರದೇ ಹೆಸರು.

ಅವರು ಹಲವು ಭಾಷೆಗಳನ್ನು ಬಲ್ಲವರಾಗಿದ್ದರೆಂಬುದು ಈ ಊರಿನಲ್ಲಿ ನಿಂತು ನೋಡಿದಾಗ ಹೆಚ್ಚಿನ ಸೋಜಿಗವೆನಿಸುವುದಿಲ್ಲ. ಬೆಳಿಗ್ಗೆ ಮೀನು ತರುವವಳು ತುಳುವಿನಲ್ಲಿ ಕೂಗುತ್ತಾಳೆ. ದಿನಸಿ ಅಂಗಡಿಯವರು ಕೊಂಕಣಿಯಲ್ಲಿ ಲೆಕ್ಕ ಹೇಳುತ್ತಾರೆ. ರಿಕ್ಷಾದವರು ಬ್ಯಾರಿ ಭಾಷೆಯಲ್ಲಿ ತಮ್ಮೊಳಗೆ ಮಾತಾಡಿಕೊಂಡು ನಮ್ಮೊಡನೆ ಕನ್ನಡವಾಡುತ್ತಾರೆ. ಗ್ರಾಮ ಕಚೇರಿಯಿಂದ ಬರುವ ಕಾಗದ ಮಲಯಾಳದಲ್ಲಿರುತ್ತದೆ. ಅನಂತೇಶ್ವರ ದೇವಾಲಯದ ಷಷ್ಠಿ ಜಾತ್ರೆಗೆ ದೂರದೂರುಗಳ ಸಾರಸ್ವತರು ಬಂದು ನೆರೆಯುತ್ತಾರೆ. ಬಂಗ್ರಮಂಜೇಶ್ವರದಲ್ಲಿ ಜೈನ ಬಸದಿಗಳಿವೆ, ಕಾರುಣ್ಯಮಾತೆಯ ಇಗರ್ಜಿಯಿದೆ. ಉದ್ಯಾವರದ ಮಾಡದ ಉತ್ಸವಕ್ಕೆ ಮುಂಚಿತವಾಗಿ ದೈವದ ಪರಿವಾರವು ಅಲ್ಲಿಯ ಸಾವಿರ ಜಮಾತಿನ ಮಸೀದಿಗೆ ಹೋಗಿ ಆಮಂತ್ರಣ ನೀಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಇಲ್ಲಿಯ ಶಾಂತತೆಯೆಂಬುದು ಜನರಿಲ್ಲದ ನಿರ್ಜನತೆಯಲ್ಲ. ಬಹಳ ಬಗೆಯ ಜನರು ಬಹಳ ಕಾಲ ಒಟ್ಟಿಗಿದ್ದು, ಪರಸ್ಪರರ ದಾರಿಗೆ ಅಡ್ಡ ಬಾರದಿರಲು ಕಲಿತುದರ ಫಲವದು. ಈ ಮಾತಿನ ಅರ್ಥ ನಮಗೆ ನೆಲ ಕೊಳ್ಳುವ ಕಾಲಕ್ಕೆ ಇನ್ನಷ್ಟು ಸ್ಪಷ್ಟವಾಯಿತು; ಅದನ್ನು ಮುಂದೆ ಹೇಳುವೆವು.

ಕಡಲಿನ ಲೆಕ್ಕ

ದಲ್ಲಾಳಿಗಳು ಗಿರಾಕಿಗಳನ್ನು ಕಡಲ ತಡಿಗೆ ಕರೆದುಕೊಂಡು ಬರುವುದು ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯ ವರೆಗೆ. ಆಗ ನೀರು ತಿಳಿಯಾಗಿ, ಅಲೆ ಮೆಲ್ಲಗಾಗಿ, ಹೊಯಿಗೆಯ ದಂಡೆ ಅಗಲವಾಗಿ ಹರಡಿರುತ್ತದೆ. ಸಂಜೆಯ ಹೊತ್ತಿನಲ್ಲಿ ಆ ದಂಡೆಯ ಮೇಲೆ ನಿಂತವನಿಗೆ ಬೆಲೆಯ ವಿಷಯದಲ್ಲಿ ಚರ್ಚೆ ಮಾಡುವ ಮನಸ್ಸೇ ಬಾರದು. ಅದೇ ಜಾಗವನ್ನು ಜುಲೈ ತಿಂಗಳಲ್ಲಿ ನೋಡಬೇಕು. ಜೂನಿನಲ್ಲಿ ಮಳೆಗಾಲ ಹಿಡಿದೊಡನೆ ಎತ್ತರದ ಅಲೆಗಳು ದಂಡೆಯ ಹೊಯಿಗೆಯನ್ನು ಕೆರೆದು ಕಡಲೊಳಕ್ಕೆ ಎಳೆಯುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ಸ್ವಲ್ಪಸ್ವಲ್ಪವಾಗಿ ಮರಳಿ ತಂದು ಹಾಕುತ್ತವೆ. ಕಡಲಿಗೂ ದಂಡೆಗೂ ನಡುವಣ ಈ ಕೊಡುಕೊಳೆ ಹಿಂದೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಅಳಿವೆಗಳಲ್ಲಿ ಕಲ್ಲಿನ ದಿಬ್ಬಗಳನ್ನು ಕಡಲೊಳಕ್ಕೆ ಚಾಚಿ ಕಟ್ಟಿದಾಗ, ಕರೆಯುದ್ದಕ್ಕೂ ಸಾಗುವ ಹೊಯಿಗೆ ಒಂದು ಬದಿಯಲ್ಲಿ ತಂಗಿ, ಇನ್ನೊಂದು ಬದಿಗೆ ಅದರ ಪಾಲು ತಪ್ಪುತ್ತದೆ. ಹೊಳೆಗಳಿಂದ ಹೊಯಿಗೆಯನ್ನು ತೆಗೆದಷ್ಟೂ ಕಡಲಿಗೆ ಬರುವ ಹೊಸ ಹೊಯಿಗೆ ಕಡಿಮೆಯಾಗುತ್ತದೆ. ಆಗ ಹೋದುದು ಹಿಂದಿರುಗುವುದಿಲ್ಲ. ಗಡಿಯ ಆಚೆ ಉಳ್ಳಾಲ, ಉಚ್ಚಿಲಗಳಲ್ಲಿಯೂ ಈಚೆ ಮುಸೋಡಿಯಲ್ಲಿಯೂ ಮನೆಗಳು ಕಡಲಪಾಲಾದುದನ್ನು ಕಂಡವರು ಅಲ್ಲಲ್ಲಿಯೇ ಇದ್ದಾರೆ.

ನಮಗೆ ಮೊದಲು ತೋರಿಸಿದುದು ಅಂಥದೇ ಒಂದು ತಡಿಯ ಹಿತ್ತಿಲು. ಕಾಗದದಲ್ಲಿ ಅದು 30 ಸೆಂಟು. ಸರ್ವೆಯವರನ್ನು ಕರೆಸಿ ಸರಪಳಿ ಹಿಡಿಸಿದಾಗ ದೊರೆತುದು 18 ಸೆಂಟು. ಉಳಿದ ಹನ್ನೆರಡು ಎಲ್ಲಿ ಎಂದು ಕೇಳಿದುದಕ್ಕೆ ನೆರೆಯ ಮೀನುಗಾರ ವೃದ್ಧರು ಉತ್ತರ ಹೇಳದೆ ನೀರಿನತ್ತ ಬೆರಳು ತೋರಿದರು. ಅಲ್ಲಿ ಎರಡು ಸಾಲು ತೆಂಗುಗಳಿದ್ದುವಂತೆ. ಅದರಾಚೆ ಬಲೆ ಒಣಗಿಸುವಷ್ಟು ಅಗಲದ ಹೊಯಿಗೆಯೂ ಇತ್ತಂತೆ. ಮಾರಾಟಗಾರರು ಮಾತ್ರ 30 ಸೆಂಟಿಗೂ ತೀರ್ವೆ ಕಟ್ಟುತ್ತಲೇ ಬಂದಿದ್ದರು. ನಾವು ನಮಸ್ಕರಿಸಿ ಹಿಂದಿರುಗಿದೆವು.

ಪ್ರಕೃತಿಯ ಈ ಲೆಕ್ಕವನ್ನು ಕಾನೂನೂ ಈಗ ಗಣನೆಗೆ ತೆಗೆದುಕೊಂಡಿದೆ. ಭಾರತ ಸರಕಾರವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಮೊದಲು 1991ರಲ್ಲಿಯೂ ಅನಂತರ 2011ರಲ್ಲಿಯೂ 2019ರಲ್ಲಿಯೂ ಹೊರಡಿಸಿತು. ಭರತದ ನೀರು ಏರುವ ಗೆರೆಯಿಂದ ಇಷ್ಟು ದೂರದ ವರೆಗೆ ಹೊಸ ಮನೆಯನ್ನು ಕಟ್ಟಕೂಡದೆಂಬುದೇ ಅದರ ಮುಖ್ಯ ತಿರುಳು. 2019ರ ಅಧಿಸೂಚನೆಯ ಪ್ರಕಾರ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮಾಂತರ ಕರಾವಳಿಯಲ್ಲಿ ಈ ದೂರ 50 ಮೀಟರು. ಉಳಿದ ಗ್ರಾಮಾಂತರ ಕರಾವಳಿಯಲ್ಲಿ 200 ಮೀಟರು. ಅದರಾಚೆಯೂ ವಲಯದ ಮೇರೆಯೊಳಗೆ ಮನೆ ಕಟ್ಟಬೇಕಾದರೆ ಅನುಮತಿ ಬೇಕು. ಕಡಲು ಮಾತ್ರವಲ್ಲ, ಉಬ್ಬರದ ಉಪ್ಪುನೀರು ಏರಿಬರುವ ಹೊಳೆಗಳ ದಡಕ್ಕೂ ನಿಬಂಧನೆಗಳಿವೆ. ನೋಡಿದ ಜಾಗ ಯಾವ ವರ್ಗಕ್ಕೆ ಸೇರಿದೆಯೆಂಬುದನ್ನು ಅನುಮೋದಿತ ಕರಾವಳಿ ನಕ್ಷೆಯಲ್ಲಿ ನೋಡಿಯೇ ತಿಳಿಯಬೇಕು. ದಲ್ಲಾಳಿಯ ಬಾಯಿಮಾತು ಸಾಲದು. ಇದನ್ನು ಲಘುವಾಗಿ ಕಂಡವರಿಗೆ ಕೊಚ್ಚಿಯ ಬಳಿಯ ಮರಡಿನ ಉದಾಹರಣೆಯೊಂದು ಸಾಕು. ಕರಾವಳಿ ನಿಯಮವನ್ನು ಮೀರಿ ಕಟ್ಟಿದ ಅಲ್ಲಿಯ ನಾಲ್ಕು ವಸತಿ ಸಮುಚ್ಚಯಗಳನ್ನು ಕೆಡಹಬೇಕೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮೇ ತಿಂಗಳಲ್ಲಿ ಆಜ್ಞಾಪಿಸಿತು. 2020ರ ಜನವರಿ 11 ಮತ್ತು 12ರಂದು ಅವು ಸ್ಫೋಟಕಗಳಿಂದ ನೆಲಸಮವಾದುವು. ಹಣ ಕೊಟ್ಟು ಕೊಂಡು ಸಂಸಾರ ಹೂಡಿದ್ದವರು ಸಾಮಾನುಗಳನ್ನು ಹೊತ್ತು ಹೊರಡಬೇಕಾಯಿತು.

ನೀರು ಮತ್ತು ಗಾಳಿ

ಕಡಲ ಬದಿಯ ಮನೆಗೆ ಬೇಲಿಗಿಂತಲೂ ಮುಖ್ಯವಾದುದು ಬಾವಿ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿದರೂ ಏಪ್ರಿಲ್ ಮೇ ತಿಂಗಳುಗಳಲ್ಲಿ ನೀರಿಗೆ ಪರದಾಡುವ ಮನೆಗಳು ಇಲ್ಲಿ ಕಡಿಮೆಯಲ್ಲ. ಹೊಯಿಗೆಯ ನೆಲದಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿಕೊಂಡಿರುತ್ತದೆ. ಕಡಲಿನ ಮಟ್ಟಕ್ಕಿಂತ 1 ಅಡಿ ಮೇಲಕ್ಕೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆಂಬುದು ಭೂಜಲಶಾಸ್ತ್ರದ ಸಾಮಾನ್ಯ ಲೆಕ್ಕ. ಅದನ್ನು ತಿರುಗಿಸಿ ಓದಿದರೆ, ಪಂಪು ಹಾಕಿ ಮೇಲಿನ ಒಂದಡಿಯನ್ನು ಎಳೆದಾಗ ಕೆಳಗಿನಿಂದ ಉಪ್ಪು ಎಷ್ಟು ಮೇಲೇರುವುದೆಂಬುದೂ ತಿಳಿಯುತ್ತದೆ. ಹಿಂದಿನವರು ಆಳವಿಲ್ಲದ ಬಾವಿ ತೋಡಿ, ಕೊಡದಿಂದ ಸೇದಿ, ಅಗತ್ಯವಿದ್ದಷ್ಟೇ ಬಳಸುತ್ತಿದ್ದರು. ಕೊಳವೆಬಾವಿ ಕೊರೆದು ದಿನವಿಡೀ ಎಳೆಯುವ ಒಂದೇ ಮನೆ ನೆರೆಯ ಹತ್ತು ಬಾವಿಗಳನ್ನು ಉಪ್ಪಾಗಿಸಬಲ್ಲದು. ಆದುದರಿಂದ ಬಾವಿಯ ನೀರನ್ನು ನವರಾತ್ರಿಯ ಹೊತ್ತಿನಲ್ಲಿ ಕುಡಿದು ಮೆಚ್ಚಿಕೊಂಡರೆ ಸಾಲದು. ವಿಷುವಿನ ಅನಂತರ ಕುಡಿದು ನೋಡಬೇಕು. ನೆರೆಮನೆಯ ಹೆಂಗಸರನ್ನು ಕೇಳಿದರೆ ಬೇಳೆ ಬೇಯುತ್ತದೆಯೇ, ಸಾಬೂನು ನೊರೆಯಾಗುತ್ತದೆಯೇ ಎಂಬುದನ್ನು ಯಾವ ಪ್ರಯೋಗಶಾಲೆಗೂ ಮುಂಚೆ ಹೇಳುತ್ತಾರೆ.

ಉಪ್ಪುಗಾಳಿಯೂ ಮನೆಯ ಖರ್ಚಿನಲ್ಲಿ ಪಾಲುಗಾರನೇ. ಕಿಟಕಿಯ ಕಬ್ಬಿಣದ ಸರಳುಗಳು, ಗೇಟಿನ ತಿರುಗಣಿ, ಹೊಲಿಗೆ ಯಂತ್ರ, ಶೀತಪೆಟ್ಟಿಗೆಯ ಹಿಂಬದಿ—ಎಲ್ಲವನ್ನೂ ತುಕ್ಕು ಹುಡುಕಿಕೊಂಡು ಬರುತ್ತದೆ. ಗಾರೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ತಾರಸಿಯೇ ಬಿರಿಯುತ್ತದೆ. ಹಳೆಯ ಮನೆಗಳು ಮುರಕಲ್ಲಿನ ಗೋಡೆ, ಮರದ ದಳಿ, ಮಂಗಳೂರು ಹಂಚಿನ ಇಳಿಜಾರು ಮಾಡು, ಅಗಲವಾದ ಚಾವಡಿಗಳಿಂದ ಈ ಗಾಳಿಯೊಡನೆ ಬಾಳುವ ಉಪಾಯವನ್ನು ಕಂಡುಕೊಂಡಿದ್ದುವು. ಹೊಸದಾಗಿ ಕಟ್ಟುವವರು ಅವುಗಳನ್ನು ಒಮ್ಮೆ ಸುತ್ತಿ ನೋಡಿದರೆ ನಷ್ಟವಿಲ್ಲ.

ಎರಡು ಲಿಪಿಗಳ ಕಾಗದ

ಈ ನಾಡಿನಲ್ಲಿ ನೆಲದ ಹಕ್ಕನ್ನು ಪರಿಶೀಲಿಸುವವನು ಎರಡು ಲಿಪಿಗಳನ್ನು ಬಲ್ಲವನಾಗಿರಬೇಕು, ಇಲ್ಲವೆ ಬಲ್ಲವರ ನೆರವನ್ನು ಪಡೆಯಬೇಕು. 1956ಕ್ಕೆ ಹಿಂದಿನ ದಸ್ತಾವೇಜುಗಳು ಹೆಚ್ಚಾಗಿ ಕನ್ನಡದಲ್ಲಿವೆ. ಆಮೇಲಿನವು ಬರಬರುತ್ತಾ ಮಲಯಾಳಕ್ಕೆ ತಿರುಗಿವೆ. ಹಳೆಯವುಗಳಲ್ಲಿ ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಮುಂತಾದ ದಕ್ಷಿಣ ಕನ್ನಡದ ಮಾತುಗಳು. ಹೊಸವುಗಳಲ್ಲಿ ಜನ್ಮ, ಪಟ್ಟಯ, ಪೋಕ್ಕುವರವು ಮುಂತಾದ ಕೇರಳದ ಮಾತುಗಳು. ಕೇರಳದ ಭೂಸುಧಾರಣಾ ಕಾಯಿದೆಯ ಮೇರೆಗೆ 1970ರ ಜನವರಿ 1ರಿಂದ ಗೇಣಿಪದ್ಧತಿ ಕೊನೆಗೊಂಡು, ಗೇಣಿದಾರರಿಗೆ ಭೂನ್ಯಾಯಮಂಡಳಿಯಿಂದ ಕ್ರಯ ಪ್ರಮಾಣಪತ್ರಗಳು ದೊರೆತುವು. ಅಳಿಯಸಂತಾನದ ಮನೆತನಗಳ ಆಸ್ತಿಯಾದರೆ ಯಾವ ಕವರಿನವರು, ಎಷ್ಟು ಮಂದಿ, ಯಾರ ರುಜು ಆಗಿದೆ, ಯಾರದು ಉಳಿದಿದೆ ಎಂಬುದನ್ನು ವಂಶವೃಕ್ಷ ಬರೆದೇ ನೋಡಬೇಕಾಗುತ್ತದೆ. ಈ ಕೊಂಡಿಗಳಲ್ಲಿ ಒಂದು ಕಳಚಿದ್ದರೂ ಮುಂದಿನ ತಲೆಮಾರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾದೀತು.

ಇನ್ನು ನೆಲದ ಜಾತಿ. ಕಣ್ಣಿಗೆ ತೆಂಗಿನ ಹಿತ್ತಿಲಿನಂತೆ ತೋರುವ ಜಾಗವನ್ನು ಗ್ರಾಮ ಕಚೇರಿಯ ದಾಖಲೆ ‘ನಿಲಂ’ ಎಂದು ಕರೆದಿದ್ದರೆ ಅದು ಗದ್ದೆ. 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾಯಿದೆ ಅಂಥ ನೆಲವನ್ನು ತುಂಬಿಸಿ ಮನೆ ಕಟ್ಟುವುದನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸುತ್ತದೆ. ದಾಖಲೆಯ ಮಾತನ್ನು ಬದಲಾಯಿಸಬೇಕಾದರೆ ಕಂದಾಯ ವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಕಾಯಬೇಕು. ಬಾಧ್ಯತಾ ಪ್ರಮಾಣಪತ್ರ, ಕೈವಶದ ಪ್ರಮಾಣಪತ್ರ, ಆ ವರ್ಷದ ತೀರ್ವೆಯ ರಶೀದಿ, ಸರ್ವೆ ನಕ್ಷೆ—ಈ ನಾಲ್ಕನ್ನೂ ಮುಂಗಡ ಹಣಕ್ಕೆ ಮೊದಲೇ ನೋಡಬೇಕು. 2022ರ ನವೆಂಬರಿನಲ್ಲಿ ರಾಜ್ಯದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾಗಿರುವುದರಿಂದ ಹಳೆಯ ಸರ್ವೆ ನಂಬ್ರವೂ ಹೊಸದೂ ತಾಳೆಯಾಗುತ್ತವೆಯೇ ಎಂಬುದನ್ನೂ ಪರಿಶೀಲಿಸುವುದು ಅವಶ್ಯ. ಜನರ ಬಾಯಲ್ಲಿ ನೆಲದ ಅಳತೆ ಸೆಂಟಿನಲ್ಲಿದ್ದರೂ ಕಾಗದದಲ್ಲಿ ಅದು ಆರ್ ಎಂಬ ಮಾನದಲ್ಲಿರುತ್ತದೆ. 1 ಆರ್ ಎಂದರೆ ಸುಮಾರು ಎರಡೂವರೆ ಸೆಂಟು. ಬೆಲೆಯ ಮೇಲೆ ನೂರಕ್ಕೆ 8ರಂತೆ ಮುದ್ರಾಂಕ ಶುಲ್ಕ, ನೂರಕ್ಕೆ 2ರಂತೆ ನೋಂದಣಿ ಶುಲ್ಕ ಸೇರಿ ಹತ್ತನೆಯ ಒಂದು ಪಾಲು ಸರಕಾರಕ್ಕೆ ಸಲ್ಲುತ್ತದೆಂಬುದನ್ನು ಮೊದಲೇ ಲೆಕ್ಕ ಹಿಡಿಯಬೇಕು. ವಿದೇಶದಲ್ಲಿ ನೆಲೆಸಿದ ನಮ್ಮವರು ಮನೆಯನ್ನೂ ಮನೆ ಕಟ್ಟುವ ನಿವೇಶನವನ್ನೂ ಕೊಳ್ಳಬಹುದು. ಕೃಷಿಭೂಮಿಯನ್ನಾಗಲಿ ಪ್ಲಾಂಟೇಶನ್ ತೋಟವನ್ನಾಗಲಿ ಕೊಳ್ಳುವಂತಿಲ್ಲ.

ದಾರಿಯ ಪ್ರಶ್ನೆ

ಕೊನೆಗೆ ನಮಗೆ ಒಪ್ಪಿಗೆಯಾದುದು ರೈಲುಹಳಿಗೂ ಕಡಲಿಗೂ ನಡುವೆ, ತಡಿಯಿಂದ ಸಾಕಷ್ಟು ಒಳಗಿರುವ ಹತ್ತು ಸೆಂಟು. ಮೂಡುಪಡುವಾಗಿ 110 ಅಡಿ ಉದ್ದ, 40 ಅಡಿಗೆ ತುಸು ಕಡಿಮೆ ಅಗಲ. ಮಾರುವವರು ಎಂಬತ್ತು ದಾಟಿದ ಒಬ್ಬ ತಾಯಿ. ಮಕ್ಕಳು ಹೊರನಾಡುಗಳಲ್ಲಿದ್ದಾರೆ, ಅವರಲ್ಲಿಗೆ ಹೋಗಿ ಇರಬೇಕೆಂಬ ಒತ್ತಾಯ ಬಂದಿದೆ.

ನೆಲದ ಬಡಗು ಅಂಚಿನಲ್ಲಿ ಒಂದು ಕಾಲುದಾರಿಯಿತ್ತು. ಬೆಳಗು ಹರಿಯುವ ಮುನ್ನ ಬಲೆ ಹೊತ್ತವರು ಅದರಲ್ಲಿ ಪಡುವಣಕ್ಕೆ ಹೋಗುತ್ತಿದ್ದರು. ಬಿಸಿಲೇರಿದ ಮೇಲೆ ಬೂತಾಯಿ ಬಂಗುಡೆಗಳ ಬುಟ್ಟಿ ಹೊತ್ತ ಹೆಂಗಸರು ಅದರಲ್ಲೇ ಹಿಂದಿರುಗುತ್ತಿದ್ದರು. ಶಾಲೆಯ ಮಕ್ಕಳೂ ಅದರಲ್ಲಿಯೇ ನಡೆಯುತ್ತಿದ್ದರು. ದಲ್ಲಾಳಿಯವರು ಸಮಾಧಾನ ಹೇಳಿದರು: “ಅದಕ್ಕೆ ನೀವು ಚಿಂತೆ ಮಾಡಬೇಡಿ ಸಾರ್. ಆಧಾರದಲ್ಲಿ ದಾರಿಯ ಸೊಲ್ಲೇ ಇಲ್ಲ. ರಿಜಿಸ್ಟ್ರಿ ಆದ ಮಾರನೆಯ ದಿನ ಕಂಪೌಂಡು ಕಟ್ಟಿಬಿಡಿ.”

ಅವರ ಮಾತು ಸುಳ್ಳಲ್ಲ. 1991ರ ಮಲಯಾಳದ ಪಾಲುಪಟ್ಟಿಯಲ್ಲಿ ಬಡಗು ಮೇರೆಗೆ ನೆರೆಯವರ ಹಿತ್ತಿಲನ್ನು ಮಾತ್ರ ಕಾಣಿಸಿತ್ತು. ಆದರೆ ಆ ತಾಯಿಯ ಪೆಟ್ಟಿಗೆಯಲ್ಲಿ 1938ರ ಒಂದು ಕನ್ನಡ ದಸ್ತಾವೇಜೂ ಇತ್ತು. ಅದನ್ನು ನೋಡಿದ ತರುಣ ವಕೀಲರು ಆ ಮೋಡಿ ಅಕ್ಷರ ತಮಗೆ ಓದಲು ಬಾರದೆಂದು ನಕ್ಕರು. ದಸ್ತಾವೇಜು ಬರೆದೇ ಮುದುಕರಾದ ಒಬ್ಬ ಬರಹಗಾರರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಚೆಕ್ಕುಬಂದಿಯನ್ನು ಗಟ್ಟಿಯಾಗಿ ಓದಿದರು. ಬಡಗು ಮೇರೆಯೆಂದು ಅದರಲ್ಲಿ ಬರೆದಿದ್ದುದು ‘ಕಡಲಿಗೆ ಹೋಗುವ ಮಾಮೂಲು ಕಾಲುದಾರಿ’ ಎಂದು. ಕನ್ನಡದಿಂದ ಮಲಯಾಳಕ್ಕೆ ಬರುವ ನಡುವೆ ಎಲ್ಲಿಯೋ ಆ ದಾರಿ ಕಾಗದದಿಂದ ಜಾರಿಹೋಗಿತ್ತು. ಜನರ ಕಾಲು ಮಾತ್ರ ಅದನ್ನು ಮರೆತಿರಲಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಇದು ಕಡೆಗಣಿಸತಕ್ಕ ಸಂಗತಿಯಲ್ಲ. 1882ರ ಅನುಭೋಗದ ಹಕ್ಕುಗಳ ಕಾಯಿದೆಯಂತೆ, ಬಹಿರಂಗವಾಗಿ, ಹಕ್ಕೆಂಬ ಭಾವನೆಯಿಂದ, ತಡೆಯಿಲ್ಲದೆ 20 ವರ್ಷ ನಡೆದ ದಾರಿಗೆ ರಕ್ಷಣೆಯುಂಟು. ಕಾಗದದಲ್ಲಿ ಇಲ್ಲವೆಂದು ಗೋಡೆ ಕಟ್ಟಿದವನು ಮೊಕದ್ದಮೆಯನ್ನೂ ಅದರೊಡನೆ ಕಟ್ಟಿಕೊಳ್ಳುತ್ತಾನೆ. ಆದರೆ ನಮ್ಮ ಮನಸ್ಸನ್ನು ತಟ್ಟಿದುದು ಕಾಯಿದೆಯಲ್ಲ. ಅದೇ ಓಣಿಯಲ್ಲಿ ಇತ್ತೀಚೆಗೆ ಮಾರಾಟವಾದ ಮೂರು ಹಿತ್ತಿಲುಗಳಿಗೆ ಎತ್ತರದ ಗೋಡೆಯೂ ಕಬ್ಬಿಣದ ಗೇಟೂ ಬಂದಿದ್ದುವು. ಒಡೆಯರು ವರ್ಷಕ್ಕೊಮ್ಮೆ ಬರುವವರು. ಅಲ್ಲಿಯೂ ಬಹಳ ಶಾಂತವಾಗಿತ್ತು. ಆದರೆ ಆ ಶಾಂತತೆ ಬೀಗದ್ದು. ಒಂದೊಂದು ಗೋಡೆ ಏಳುವಾಗಲೂ ಮೀನುಗಾರರು ಕಡಲಿಗೆ ಸುತ್ತುಬಳಸಿ ಹೋಗಬೇಕಾಗಿ ಬಂದು, ಕಟ್ಟಕಡೆಗೆ ಉಳಿದುದು ಈ ಒಂದು ದಾರಿ. ತಡಿಯಲ್ಲಿ ಬದುಕುವವರ ಕಾಲಿಗೇ ಕಡಲನ್ನು ಮುಚ್ಚಿದ ಮೇಲೆ ನಾವು ಚಾವಡಿಯಲ್ಲಿ ಕುಳಿತು ಅಲೆಯ ಸದ್ದನ್ನು ಕೇಳುವುದರಲ್ಲಿ ಏನು ಸುಖವಿದ್ದೀತು?

ಆ ತಾಯಿಯನ್ನು ಕೇಳಿದಾಗ ಅವರು ಹೇಳಿದುದು ಇಷ್ಟೆ: “ನಾನು ಮದುಮಗಳಾಗಿ ಬಂದದ್ದೇ ಆ ದಾರಿಯಲ್ಲಿ. ಬೇಲಿ ಹಾಕುವುದಾದರೆ ಹಾಕಿ. ದಾರಿಯ ಈಚೆಗೆ ಹಾಕಿ.” ನಾವು ಹಾಗೆಯೇ ಮಾಡಿದೆವು. ನಾಲ್ಕಡಿ ಅಗಲದ ಕಾಲುದಾರಿ ಸಾರ್ವಜನಿಕರ ಉಪಯೋಗಕ್ಕೆ ಉಳಿಯತಕ್ಕದ್ದೆಂದು ಹೊಸ ಆಧಾರದಲ್ಲಿ ಮಲಯಾಳದಲ್ಲಿಯೇ ಸ್ಪಷ್ಟವಾಗಿ ಬರೆಯಿಸಿ, ನಕ್ಷೆಯಲ್ಲಿಯೂ ಗುರುತಿಸಿದೆವು. 110 ಅಡಿ ಉದ್ದ, ನಾಲ್ಕಡಿ ಅಗಲ: 440 ಚದರಡಿ. ಒಂದು ಸೆಂಟೆಂದರೆ 435 ಚದರಡಿಗೆ ತುಸು ಹೆಚ್ಚು. ಹತ್ತು ಸೆಂಟಿಗೆ ಹಣ ಕೊಟ್ಟು ಒಂಬತ್ತರಲ್ಲಿ ಮನೆಮಾಡಿದಂತಾಯಿತು. ಮಕ್ಕಳು ದೂರವಾಣಿಯಲ್ಲಿ ಇದೇನು ವ್ಯಾಪಾರವೆಂದು ಆಕ್ಷೇಪಿಸಿದರು. ನಾಳೆ ಮಾರುವಾಗ ಬೆಲೆ ಇಳಿಯುವುದೆಂದೂ ಎಚ್ಚರಿಸಿದರು. ಇಳಿದರೆ ಇಳಿಯಲಿ ಎಂದೆವು.

ಗಡಿಯೆಂಬ ಗೆರೆ

ಇಲ್ಲಿ ನೆಲೆಸಬಯಸುವವರು ಮರೆಯಬಾರದ ಇನ್ನೊಂದು ವಿಷಯವುಂಟು. ದೊಡ್ಡ ಕಾಯಿಲೆಗೆ ನಾವು ನಂಬಿರುವುದು ಮಂಗಳೂರಿನ ಆಸ್ಪತ್ರೆಗಳನ್ನು. 2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ಭೀತಿಯಿಂದ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿದಾಗ, ಹಲವೆಡೆ ರಸ್ತೆಗೆ ಮಣ್ಣಿನ ರಾಶಿಯನ್ನೇ ಸುರಿಯಲಾಯಿತು. ಮಂಗಳೂರಿನ ಚಿಕಿತ್ಸೆಯನ್ನೇ ಅವಲಂಬಿಸಿದ್ದ ಕಾಸರಗೋಡಿನ ರೋಗಿಗಳನ್ನು ಹೊತ್ತ ವಾಹನಗಳು ತಲಪಾಡಿಯಿಂದ ಹಿಂದಿರುಗಿದುವು. ಕೆಲವರು ಚಿಕಿತ್ಸೆ ದೊರೆಯದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆರವುಗೊಳಿಸುವಂತೆ ಕೇಂದ್ರ ಸರಕಾರಕ್ಕೆ ಸೂಚಿಸಬೇಕಾಯಿತು. ನಾಮಫಲಕಗಳಲ್ಲಿ ಮಾತ್ರ ಕಾಣುತ್ತಿದ್ದ ಗೆರೆ ಅಂದು ಮಣ್ಣಿನ ಗೋಡೆಯಾಗಿ ಎದ್ದುನಿಂತಿತು. ಹೃದ್ರೋಗವುಳ್ಳವರು, ವೃದ್ಧರು ಈ ಊರಿನಲ್ಲಿ ನೆಲೆಸುವಾಗ ಕಾಸರಗೋಡಿನ ಬದಿಯ ವೈದ್ಯರನ್ನೂ ಪರಿಚಯ ಮಾಡಿಕೊಂಡಿರುವುದು ಕ್ಷೇಮ.

ಚಿಕ್ಕ ಮಕ್ಕಳಿರುವವರಿಗೆ ಶಾಲೆಯ ಚಿಂತೆ. ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಇಂದಿಗೂ ಇವೆ. ಅವು ಉಳಿಯಬೇಕಾದರೆ ಮಕ್ಕಳು ಬೇಕು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿದ ಮನೆಯಿಂದ ಶಾಲೆಗೆ ಮಗು ಹೋಗುವುದಿಲ್ಲ. 2017ರ ಕಾಯಿದೆಯ ಅನಂತರ ಮಲಯಾಳದ ಕಲಿಕೆಯ ಪ್ರಶ್ನೆಯೂ ಎದ್ದಿರುವುದರಿಂದ ತಂದೆತಾಯಿಗಳು ಶಾಲೆಗೆ ಹೋಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಅಭಿಪ್ರಾಯದಲ್ಲಿ, ಇಲ್ಲಿ ಮನೆ ಮಾಡುವ ಹಿರಿಯರೂ ಒಂದಿಷ್ಟು ಮಲಯಾಳವನ್ನು ಕಲಿಯುವುದರಿಂದ ಕನ್ನಡಕ್ಕೆ ಕುಂದಿಲ್ಲ. ನಮ್ಮ ನೆಲದ ಕಾಗದವನ್ನು ನಾವೇ ಓದುವಷ್ಟಾದರೂ ಅದು ಬರಬೇಕು. ಹಾಗೆಯೇ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕನ್ನಡ ದಸ್ತಾವೇಜುಗಳನ್ನು ಓದಬಲ್ಲ ಮಕ್ಕಳೂ ಇಲ್ಲಿ ಬೆಳೆಯಬೇಕು.

ಸಣ್ಣ ಸಂಗತಿಗಳೂ ಇವೆ. ಕರ್ನಾಟಕದಲ್ಲಿ ನೋಂದಾಯಿಸಿದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಬೇಕು. ಮಂಗಳೂರಿಗೆ ಕಾರಿನಲ್ಲಿ ಹೋಗುವವರು ತಲಪಾಡಿಯ ಸುಂಕದ ಕಟ್ಟೆಯನ್ನು ಲೆಕ್ಕಕ್ಕೆ ಸೇರಿಸಬೇಕು. ಮೀನೂಟದವರಿಗೆ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ನಿಷೇಧ. ಆಗ ನಾಡದೋಣಿಯವರು ತಂದಷ್ಟೇ ಮೀನು. ಆ ದಿನಗಳಿಗಾಗಿಯೇ ನಮ್ಮ ಹಿರಿಯರು ಹಲಸಿನ ಹಪ್ಪಳವನ್ನೂ ಉಪ್ಪಿನಲ್ಲಿ ಹಾಕಿದ ಸೊಳೆಯನ್ನೂ ಮಾಡಿಟ್ಟಿದ್ದರು. ಕೆಸುವಿನೆಲೆಯ ಪತ್ರೊಡೆಗಂತೂ ಅದೇ ಸಕಾಲ.

ಕೊಳ್ಳಬಯಸುವ ವಾಚಕರಿಗೆ ನಮ್ಮ ಬಿನ್ನಹವಿಷ್ಟೆ. ಒಂದು ಮಳೆಗಾಲವನ್ನು ಬಾಡಿಗೆ ಮನೆಯಲ್ಲಿ ಕಳೆಯಿರಿ. ಕಡಲು ಎಲ್ಲಿಯ ವರೆಗೆ ಬರುತ್ತದೆಯೆಂಬುದನ್ನು ಜುಲೈಯಲ್ಲಿಯೂ ಬಾವಿ ಎಷ್ಟು ಇಳಿಯುತ್ತದೆಯೆಂಬುದನ್ನು ಮೇ ತಿಂಗಳಲ್ಲಿಯೂ ನೋಡಿರಿ. ಎರಡೂ ಲಿಪಿಯ ಕಾಗದಗಳನ್ನು ಓದಿಸಿರಿ. ನೆಲದ ಮೇಲೆ ಯಾರ ಹೆಜ್ಜೆಗಳಿವೆಯೆಂಬುದನ್ನು ಬೆಳಗಿನ ಜಾವದಲ್ಲಿ ಎದ್ದು ಗಮನಿಸಿರಿ. ಇಷ್ಟನ್ನು ಮಾಡಿದ ಮೇಲೂ ಮನಸ್ಸು ಒಪ್ಪಿದರೆ ಕೊಳ್ಳಿರಿ; ಕೊಂಡ ಮೇಲೆ ಬಂದು ಇರಿ. ನಮ್ಮ ಓಣಿಯಲ್ಲಿ ಇನ್ನೂ ಎರಡು ಹಿತ್ತಿಲುಗಳು ಮಾರಾಟಕ್ಕಿವೆ. ದೀಪ ಹಚ್ಚುವ ಮನೆಯವರು ಬರಲಿ ಎಂದು ನೆರೆಯವರೆಲ್ಲರೂ ಕಾದಿದ್ದಾರೆ.